ಹುರಿಯಲ್ಲಿ ಕಟ್ಟಿದ ಯಕ್ಷಿ

ಶಿಲ್ಪಿ ಮೃಣಾಲಿನಿ ಮುಖರ್ಜಿ ಅವರ ‘ಯಕ್ಷಿ’ ಆಳೆತ್ತರವನ್ನೂ ಮೀರಿ ನಿಂತಿದೆ. ಕಣ್ಣು ಮೂಗು ತಿದ್ದಿದ ಮುಖ ಅದಕ್ಕಿಲ್ಲ. ಆದರೂ ಅದು ಹೆಣ್ಣು, ಅದರಲ್ಲೂ ಸಾಮಾನ್ಯಳಲ್ಲದ ಹೆಣ್ಣು ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮೈ ಮಡಿಕೆ ಮಡಿಕೆಯಾಗಿ ಇಳಿದಿದೆ. ಎಲ್ಲಿ ಸೀರೆ ಮುಗಿದು ಎಲ್ಲಿ ಚರ್ಮ ಶುರುವಾಯಿತು ಎಂದು ಹೇಳುವಂತಿಲ್ಲ. ಇನ್ನೂ ಹತ್ತಿರ ಹೋದರೆ ಕಾಣುವುದು ಬರೀ ಗಂಟು. ಸಾಲುಸಾಲಾಗಿ, ಒತ್ತೊತ್ತಾಗಿ, ಬೆರಳು ತೂರದಷ್ಟು ಬಿಗಿಯಾಗಿ ಹಾಕಿದ ಸಾವಿರಾರು ಗಂಟುಗಳು. ಕಲ್ಲಿಲ್ಲ, ಮರವಿಲ್ಲ, ಲೋಹ ಹೊರಗೆಲ್ಲೂ ಕಾಣುವುದಿಲ್ಲ. ಇದ್ದದ್ದೆಲ್ಲ ಸೆಣಬಿನ ಹುರಿ.

1984ರ ಈ ಕೃತಿ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಹಾಲು ಮೊಸರಿನ ಗಡಿಗೆ ತೂಗುಹಾಕಲು ನಮ್ಮ ಹಿಂದಿನವರು ಹೆಣೆಯುತ್ತಿದ್ದ ನೆಲುವನ್ನು ಕಂಡವರಿಗೆ ಮೃಣಾಲಿನಿ ಅವರ ವಿಧಾನವನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗವಿಲ್ಲ, ಸೂಜಿಯಿಲ್ಲ; ಎಳೆಗೆ ಎಳೆ ಸುತ್ತಿ, ಎಳೆದು, ಬಿಗಿಯುವುದು. ಹುರಿಯ ಕಂತೆಗಳನ್ನು ಬಣ್ಣದಲ್ಲಿ ಅದ್ದಿ ಒಣಗಿಸುತ್ತಿದ್ದರು. ಅರಿಶಿನ, ಕಾವಿ, ನೇರಳೆ, ಪಾಚಿಯ ಹಸಿರು ಅವರಿಗೆ ಇಷ್ಟವಾದ ಬಣ್ಣಗಳು. ಆಮೇಲೆ ಲೋಹದ ಚೌಕಟ್ಟಿನಿಂದ ಎಳೆಗಳನ್ನು ಇಳಿಬಿಟ್ಟು ಗಂಟು ಹಾಕುತ್ತ ಹೋಗುವುದು. ಮುಂಚಿತವಾಗಿ ನಕ್ಷೆ ಬರೆದುಕೊಳ್ಳುತ್ತಿರಲಿಲ್ಲ, ಸಣ್ಣ ಮಾದರಿಯನ್ನೂ ಮಾಡಿಕೊಳ್ಳುತ್ತಿರಲಿಲ್ಲ. ಒಂದು ಗಂಟು ಬಿದ್ದ ಮೇಲೆ ಮುಂದಿನದು ಎಲ್ಲಿಗೆ ಎಂಬುದು ಕೈಗೆ ಹೊಳೆಯಬೇಕು. ಗಂಟು ಹುರಿಯನ್ನು ನುಂಗುತ್ತದೆ. ಒಂದು ಮೊಳ ಹೆಣಿಗೆಗೆ ಮೂರು ನಾಲ್ಕು ಮೊಳ ಹುರಿ ಬೇಕು. ಹೆಣೆದಷ್ಟೂ ತೂಕ ಏರಿ ಕೃತಿ ಕೆಳಕ್ಕೆ ಜಗ್ಗುತ್ತದೆ. ಆ ಜಗ್ಗುವಿಕೆಯನ್ನೇ ಅವರು ಸೊಂಟ, ತುಟಿ, ಎಸಳುಗಳನ್ನಾಗಿ ತಿರುಗಿಸಿಕೊಂಡರು. ದೊಡ್ಡ ಕೃತಿಯೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಲ್ಲುಕುಟಿಗ ಬೇಡದ್ದನ್ನು ತೆಗೆಯುತ್ತ ಹೋಗುತ್ತಾನೆ. ಇಲ್ಲಿ ತೆಗೆಯುವ ಮಾತೇ ಇಲ್ಲ. ತಪ್ಪಿದರೆ ಅಲ್ಲಿಯವರೆಗೂ ಬಿಚ್ಚಬೇಕು.

ಮೃಣಾಲಿನಿ ಹುಟ್ಟಿದ್ದು 1949ರಲ್ಲಿ, ಮುಂಬೈಯಲ್ಲಿ. ತಂದೆ ಶಾಂತಿನಿಕೇತನದ ಹೆಸರಾಂತ ಚಿತ್ರಕಾರ ವಿನೋದ ಬಿಹಾರಿ ಮುಖರ್ಜಿ, ತಾಯಿ ಮರದ ಶಿಲ್ಪಗಳನ್ನು ಕೆತ್ತುತ್ತಿದ್ದ ಲೀಲಾ ಮುಖರ್ಜಿ. ಒಬ್ಬಳೇ ಮಗಳು. ಬೆಳೆದದ್ದು ಡೆಹ್ರಾಡೂನಿನ ಗುಡ್ಡಗಾಡಿನಲ್ಲಿ, ರಜೆ ಕಳೆಯುತ್ತಿದ್ದದ್ದು ಶಾಂತಿನಿಕೇತನದಲ್ಲಿ. ಅಲ್ಲಿ ಶಿಲ್ಪಿ ರಾಮ್‌ಕಿಂಕರ್ ಬೈಜ್ ಸಿಮೆಂಟಿಗೆ ಜಂಬಿಟ್ಟಿಗೆಯ ಹರಳು ಕಲಸಿ 1938ರಲ್ಲಿ ನಿಲ್ಲಿಸಿದ ‘ಸಂತಾಲ ಕುಟುಂಬ’ ಬಯಲಲ್ಲೇ ಇತ್ತು. ಕಾಲಡಿಯ ನೆಲವೇ ಶಿಲ್ಪವಾಗಬಲ್ಲದು ಎಂಬುದು ಆ ಹುಡುಗಿಗೆ ಪಾಠದಿಂದ ಬರಬೇಕಾಗಿರಲಿಲ್ಲ.

ಹುಟ್ಟಿನಿಂದಲೇ ದೃಷ್ಟಿ ಮಂದವಾಗಿದ್ದ ವಿನೋದ ಬಿಹಾರಿ 1950ರ ದಶಕದ ನಡುವಿನಲ್ಲಿ, ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ, ಪೂರ್ತಿ ಕುರುಡರಾದರು. ಮಗಳಿನ್ನೂ ಚಿಕ್ಕವಳು. ಅವರು ಕೆಲಸ ಬಿಡಲಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಮೇಣ, ಜೇಡಿಮಣ್ಣು ಹಿಡಿದರು. ಅವರ ಶಿಷ್ಯ ಸತ್ಯಜಿತ್ ರೇ 1972ರಲ್ಲಿ ಈ ಬದುಕನ್ನು ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರವಾಗಿಸಿದರು. ಕಣ್ಣು ಮಾಡುವ ಕೆಲಸವನ್ನು ಬೆರಳು ಮಾಡುವುದನ್ನು ಮನೆಯಲ್ಲೇ ಕಂಡು ಬೆಳೆದ ಮಗಳು ಮುಂದೆ ಮುಟ್ಟಿ ಕಟ್ಟುವ ಕಲೆಗೆ ಒಲಿದದ್ದು ಕೇವಲ ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಬರೋಡದ ಕಲಾಶಾಲೆಯಲ್ಲಿ ಓದಿದ್ದು ಚಿತ್ರಕಲೆ. ಅನಂತರ ಭಿತ್ತಿಚಿತ್ರ ವಿನ್ಯಾಸಕ್ಕೆ ಸೇರಿದಾಗ ಗುರುವಾಗಿ ಸಿಕ್ಕವರು ಕೆ.ಜಿ. ಸುಬ್ರಮಣ್ಯನ್, ವಿನೋದ ಬಿಹಾರಿಯವರದೇ ಶಿಷ್ಯ. ಕುಶಲಕರ್ಮಿಯ ಕಸುಬು ಬೇರೆ, ಕಲಾವಿದನ ಕಲೆ ಬೇರೆ ಎಂಬ ಗೆರೆಯನ್ನು ಒಪ್ಪದ ಮನುಷ್ಯ. ಆ ಶಾಲೆಯಲ್ಲೇ, 70ರ ದಶಕದ ಮೊದಲಲ್ಲಿ, ಮೃಣಾಲಿನಿ ನಾರು ಕೈಗೆತ್ತಿಕೊಂಡರು. ಗೋಡೆಗೆ ಅಂಟಿಕೊಂಡಿದ್ದ ಹೆಣಿಗೆ ಬರಬರುತ್ತ ಉಬ್ಬಿ, ಗೋಡೆ ಬಿಟ್ಟು ಈಚೆ ಬಂದು ನಿಂತಿತು.

ಅವರ ಕೃತಿಗಳ ಹೆಸರುಗಳನ್ನೇ ನೋಡಿ: ನಾಗದೇವತಾ, ವನರಾಜ, ರುದ್ರ, ದೇವಿ, ಪಕ್ಷಿ, ಆದಿಪುಷ್ಪ, ಅರಣ್ಯಾನಿ. ಇವ್ಯಾವುವೂ ಶಿಲ್ಪಶಾಸ್ತ್ರದ ಅಳತೆಗೆ ಮಾಡಿದ ಮೂರ್ತಿಗಳಲ್ಲ, ಪೂಜೆಗೂ ಅಲ್ಲ. ಇಕ್ಕಟ್ಟಿನ ಗರ್ಭಗುಡಿಯೊಳಗೆ ಹೊಕ್ಕು ತಲೆಯೆತ್ತಿದಾಗ ಮೈ ಜುಮ್ಮೆನ್ನುವ ಆ ಗಳಿಗೆಯೇ ತಮಗೆ ಬೇಕಾದದ್ದು ಎಂಬರ್ಥದಲ್ಲಿ ಅವರು ಹೇಳಿಕೊಂಡಿದ್ದಾರೆ. ದೇವರ ಮೈ ಹೂವಾಗುವುದು, ಹೂ ಯೋನಿಯಾಗುವುದು, ಮರ ಹೆಡೆಯೆತ್ತುವುದು ಅವರ ಲೋಕದಲ್ಲಿ ಸಹಜ. ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಕೈಮುಗಿದು ಬೆಳೆದ ನಮಗೂ ಅದು ತೀರ ಹೊಸದಲ್ಲ.

ಆದರೂ ಬಹಳ ಕಾಲ ಅವರ ಕೆಲಸಕ್ಕೆ ಸರಿಯಾದ ಜಾಗ ಸಿಗಲಿಲ್ಲ. ಹುರಿ ಎಂದರೆ ಕರಕುಶಲ, ಗಂಟು ಎಂದರೆ ಹೆಂಗಸರ ಕೈಕೆಲಸ ಎಂಬ ಎಣಿಕೆ ಕಲಾವಲಯದಲ್ಲಿ ಗಟ್ಟಿಯಾಗಿತ್ತು. ಕಂಚು, ಅಮೃತಶಿಲೆ ಹಿಡಿದವರಿಗೆ ಇಂಥ ಪ್ರಶ್ನೆ ಯಾರೂ ಹಾಕುವುದಿಲ್ಲ. 1994ರಲ್ಲಿ ಆಕ್ಸ್‌ಫರ್ಡಿನ ಆಧುನಿಕ ಕಲಾ ಸಂಗ್ರಹಾಲಯ ಅವರದೇ ಪ್ರತ್ಯೇಕ ಪ್ರದರ್ಶನ ಏರ್ಪಡಿಸಿತು. 1996ರಲ್ಲಿ ನೆದರ್‌ಲ್ಯಾಂಡ್ಸಿಗೆ ಹೋಗಿ ಸುಟ್ಟ ಮಣ್ಣಿನಲ್ಲಿ ಕೆಲಸ ಮಾಡಿದರು, 2000ದ ನಂತರ ಕಂಚಿನತ್ತ ತಿರುಗಿದರು. ಕಂಚಿನ ತಾಳೆಗರಿಗಳೂ ಚೆನ್ನಾಗಿವೆ. ನನ್ನ ಮನಸ್ಸು ಮಾತ್ರ ಹುರಿಗೇ ಮರಳುತ್ತದೆ.

2015ರ ಜನವರಿ ಕೊನೆಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಜೀವಮಾನದ ಕೆಲಸಗಳನ್ನು ಒಟ್ಟುಗೂಡಿಸಿದ ಪ್ರದರ್ಶನ ತೆರೆಯಿತು. ಆ ಹೊತ್ತಿಗೆ ಅವರು ಆಸ್ಪತ್ರೆ ಸೇರಿದ್ದರು, ಫೆಬ್ರುವರಿಯಲ್ಲಿ ತೀರಿಕೊಂಡರು. ವಯಸ್ಸು 65. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಸಂಗ್ರಹಾಲಯ, 2022ರಲ್ಲಿ ವೆನಿಸ್ ಬಿಯೆನಾಲೆ ಕಲಾಪ್ರದರ್ಶನ ಈ ಶಿಲ್ಪಗಳನ್ನು ಜಗತ್ತಿನ ಮುಂದಿಟ್ಟಾಗ ಹೊಗಳಿಕೆ ಕೇಳಲು ಅವರಿರಲಿಲ್ಲ.

ನಾರಿಗೆ ಕಲ್ಲಿನ ಆಯುಸ್ಸಿಲ್ಲ. ಬೆಳಕು ತಾಗಿದರೆ ಬಣ್ಣ ಮಾಸುತ್ತದೆ, ಧೂಳು ಕೂತರೆ ಎಳೆ ಬಡಕಲಾಗುತ್ತದೆ. ಗಟ್ಟಿಯಾಗಿರುವಾಗಲೇ ನಾಲ್ಕು ಕೃತಿಗಳಾದರೂ ಆ ರಾಷ್ಟ್ರೀಯ ಗ್ಯಾಲರಿಯ ಬೆಂಗಳೂರು ಶಾಖೆ ಇರುವ ಮಾಣಿಕ್ಯವೇಲು ಭವನಕ್ಕೆ ಬರಬೇಕೆಂಬುದು ನನ್ನಾಸೆ. ಬಂದಾಗ ಕಲಾಶಾಲೆಯ ಹುಡುಗರ ಜೊತೆಗೆ ತಿಪಟೂರು, ಅರಸೀಕೆರೆ ಕಡೆ ನಾರು ಹೊಸೆಯುವ ಹೆಂಗಸರನ್ನೂ ಕರೆಸಬೇಕು. ಯಕ್ಷಿಯ ಮೈಮೇಲೆ ಯಾವ ಗಂಟು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮೊದಲು ಪತ್ತೆಹಚ್ಚುವವರು ಅವರೇ.