ಅರಳು ಮರಳಿನ ಅತ್ತೆಗೆ ಮನೆ ಹುಡುಕಿದ್ದು

ಊರ ಉಸಾಬರಿ — ನಮ್ಮ ವರದಿಗಾರರಿಂದ

ಕಿಗ್ಗ: ಮಳೆ ಬಾರದಿದ್ದರೂ ಜನ ಕಿಗ್ಗಕ್ಕೆ ಬರುತ್ತಾರೆ, ಮಳೆ ವಿಪರೀತವಾದರೂ ಕಿಗ್ಗಕ್ಕೇ ಬರುತ್ತಾರೆ. ಋಷ್ಯಶೃಂಗೇಶ್ವರನಿಗೆ ಪೂಜೆ ಮಾಡಿಸಿದರೆ ಎರಡೂ ಕೆಲಸ ಆಗುತ್ತದೆ ಅನ್ನುವುದು ಹಳೇ ನಂಬಿಕೆ. ಬರಗಾಲದಲ್ಲಿ ಸರ್ಕಾರದವರೇ ಬಂದು ಕೈಮುಗಿದು ಹೋದದ್ದುಂಟು. ಆದರೆ ಹೋದ ಆಷಾಢದಲ್ಲಿ ಈ ಊರಿನ ಒಂದು ಮನೆಗೆ ಬಂದ ಕಷ್ಟಕ್ಕೆ ಯಾವ ಪೂಜೆಯೂ ಇರಲಿಲ್ಲ.

ನಡುರಾತ್ರಿ. ಕರೆಂಟಿಲ್ಲ. ಮಳೆ ಹೊಯ್ಯುತ್ತಿದೆ. 78 ವರ್ಷದ ಹೆಂಗಸೊಬ್ಬರು ತಲೆಗೆ ಕಂಬಳಿಯೂ ಇಲ್ಲದೆ ದಣಪೆ ತೆಗೆದು, ತುಂಬಿ ಹರಿಯುವ ಹಳ್ಳದ ಸಂಕ ದಾಟಿ ಹೊರಟೇಬಿಟ್ಟಿದ್ದಾರೆ. ಹಗಲು ಹೊತ್ತಿನಲ್ಲೇ ಆ ಸಂಕ ದಾಟಲು ನಮ್ಮಂಥವರ ಕಾಲು ನಡುಗುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಬಂದವರು ತಂಗುದಾಣದಲ್ಲಿ ಅವರನ್ನು ಕಂಡರು. ಸೀರೆ ತೊಯ್ದು ಮೈಗೆ ಅಂಟಿತ್ತು. ಉಂಬಳ ಕಚ್ಚಿ ಕಾಲೆಲ್ಲ ರಕ್ತ.

"ಎಲ್ಲಿಗಮ್ಮಾ ಹೊರಟದ್ದು?"

"ತವರಿಗೆ. ಅಪ್ಪಯ್ಯ ಕಾಯ್ತಾ ಇದ್ದಾರೆ."

ಆ ತವರು ಕೊಪ್ಪದ ಹತ್ತಿರದ ನಮ್ಮ ಮನೆ. ಆ ಅಪ್ಪಯ್ಯ ನನ್ನ ಅಜ್ಜ. ಅವರು ತೀರಿಕೊಂಡು 40 ವರ್ಷ ಆಯಿತು. ಬಸ್ಸಿಗೆ ಕಾಯುತ್ತಿದ್ದ ಆ ಹೆಂಗಸು ನನ್ನ ಸೋದರತ್ತೆ.

ಅತ್ತೆಯ ಮಗ, ಅಂದರೆ ನಮ್ಮ ಭಾವ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಸುದ್ದಿ ತಿಳಿದು ರಾತ್ರೋರಾತ್ರಿ ಬಸ್ ಹತ್ತಿ ಬಂದರು. ಊರವರು ಸುಮ್ಮನಿರುತ್ತಾರೆಯೆ? "ತಾಯಿಯನ್ನ ಒಂಟಿ ಬಿಟ್ಟು ಪೇಟೆಯಲ್ಲಿ ಕೂತಿದ್ದಾನೆ" ಅಂದರು. ಆಶ್ರಮದ ಮಾತು ತೆಗೆದಾಗ "ತಾಯಿಯನ್ನ ಆಶ್ರಮಕ್ಕೆ ಹಾಕ್ತಾನಂತೆ" ಅಂತಲೂ ಅವರೇ ಅಂದರು.

ಜಗಲಿ ಮೇಲೆ ಕೂತು ಭಾವ ನನ್ನ ಹತ್ತಿರ ಹೇಳಿದ್ದಿಷ್ಟು: "ಎಂಥ ಮಾಡೂದು ಮಾರಾಯ? ಹೋದ ವರ್ಷ ಬೆಂಗಳೂರಿಗೆ ಕರ್ಕೊಂಡು ಹೋಗಿದ್ದೆ. ನಸುಕಿನಲ್ಲಿ ಎದ್ದು ಕೊಟ್ಟಿಗೆ ಎಲ್ಲಿ ಅಂತ ಪಕ್ಕದ ಮನೆ ಬಾಗಿಲೆಲ್ಲ ತಟ್ಟಿದ್ರು. ಮೂರನೇ ಮಹಡಿಯಲ್ಲಿ ಕೊಟ್ಟಿಗೆ ಎಲ್ಲಿಂದ ತರೂದು? ಕೆಲಸ ಬಿಟ್ಟು ನಾನೇ ಬಂದು ಕೂರೋಣ ಅಂದ್ರೆ ತೋಟಕ್ಕೆ ಹಳದಿ ಎಲೆ ರೋಗ. ಉಣ್ಣೋದು ಏನನ್ನ?"

ಇದು ಒಂದು ಮನೆಯ ಕಥೆಯಲ್ಲ ಸ್ವಾಮಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ಮಕ್ಕಳು ಪೇಟೆಗೆ ಹೋಗಿ ಮುದುಕರಷ್ಟೇ ಉಳಿದ ಮನೆಗಳು ಎಷ್ಟಿವೆ, ನೀವೇ ಬೆರಳು ಮಡಚಿ ನೋಡಿ.

ಮೊದಲು ಡಾಕ್ಟರು, ಆಮೇಲೆ ಆಶ್ರಮ

ಅರವತ್ತಕ್ಕೆ ಅರಳು ಮರಳು ಅಂತ ನಾವು ನಕ್ಕು ಬಿಡುತ್ತೇವೆ. ಅಲ್ಲೇ ಮೊದಲ ತಪ್ಪು. ಡಿಮೆನ್ಷಿಯಾ ಅನ್ನುವುದು ವಯಸ್ಸಿನ ಸಹಜ ಮರೆವಲ್ಲ, ಮಿದುಳಿನ ಕಾಯಿಲೆ. 1906ರಲ್ಲಿ ಜರ್ಮನಿಯ ಡಾಕ್ಟರ್ ಆಲ್ಝೈಮರ್ ತೀರಿಕೊಂಡ ಒಬ್ಬ ರೋಗಿಯ ಮಿದುಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ಆ ಹೆಂಗಸಿಗೆ ಆಗಿದ್ದದ್ದು ಬರೀ 55 ವರ್ಷ. ನಮ್ಮ ದೇಶದಲ್ಲಿ 60 ದಾಟಿದ ನೂರು ಜನರಲ್ಲಿ 7ಕ್ಕೂ ಹೆಚ್ಚು ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು.

ಆದರೆ ಮರೆತವರಿಗೆಲ್ಲ ಇದೇ ಕಾಯಿಲೆ ಅಂತಲೂ ಅಲ್ಲ. ಥೈರಾಯ್ಡ್ ಏರುಪೇರಾದರೆ, ಬಿ-12 ಜೀವಸತ್ವ ಕಡಿಮೆಯಾದರೆ, ಮನಸ್ಸು ಕುಗ್ಗಿ ಖಿನ್ನತೆ ಹಿಡಿದರೆ, ಬಿದ್ದು ಪೆಟ್ಟಾಗಿ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ, ಆಗಲೂ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಉಂಟು. ಆದ್ದರಿಂದ ಆಶ್ರಮದ ಬಾಗಿಲು ತಟ್ಟುವ ಮೊದಲು ರಕ್ತಪರೀಕ್ಷೆ, ತಲೆಯ ಸ್ಕ್ಯಾನ್ ಆಗಲೇಬೇಕು. ನಮ್ಮ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ, ದೂರ ಹೋಗುವವರಿಗೆ ಬೆಂಗಳೂರಿನ ನಿಮ್ಹಾನ್ಸ್. ಮನೆಯಿಂದಲೇ ವಿಚಾರಿಸಬೇಕೆಂದರೆ ಟೆಲಿ-ಮಾನಸ್ ನಂಬರು 14416, ದುಡ್ಡು ಬೀಳುವುದಿಲ್ಲ.

ಅತ್ತೆಗೆ ಬಿ-12 ಕಡಿಮೆ ಇತ್ತು. ಇಂಜೆಕ್ಷನ್ ಕೊಟ್ಟ ಮೇಲೆ ನಡಿಗೆ ಸ್ವಲ್ಪ ಗಟ್ಟಿಯಾಯಿತು. ಆದರೆ ಸ್ಕ್ಯಾನ್ ನೋಡಿದ ಡಾಕ್ಟರು ಹೇಳಿದ್ದು, ಮಿದುಳು ಸವೆದಿದೆ, ಹೋದ ನೆನಪು ತಿರುಗಿ ಬರುವುದಿಲ್ಲ, ಒಂಟಿಯಾಗಿ ಬಿಡಬೇಡಿ.

ಮೂರು ಮನೆ ನೋಡಿದೆವು

ಮೊದಲನೆಯದು ಬೆಂಗಳೂರಿನ ಹೊರಗೆ. ಹೆಸರು ಬೇಡ. ಗಾಜಿನ ಬಾಗಿಲು, ಹುಲ್ಲುಹಾಸು, ಗೋಡೆ ಮೇಲೆ ನಗುವ ಮುದುಕರ ದೊಡ್ಡ ಪಟ. ಕೂತ ಐದೇ ನಿಮಿಷಕ್ಕೆ ಮುಂಗಡ ಎಷ್ಟು, ತಿಂಗಳಿಗೆ ಎಷ್ಟು ಅನ್ನುವ ಕಾಗದ ಮುಂದಿಟ್ಟರು. ತಿಂಗಳ ಮೊತ್ತ ನೋಡಿ ಭಾವ ಅಲ್ಲೇ ಲೆಕ್ಕ ಹಾಕಿದರು, ಹತ್ತಿರಹತ್ತಿರ ಒಂದು ಕ್ವಿಂಟಲ್ ಅಡಿಕೆ! ಔಷಧ, ಡಯಾಪರು, ಆಂಬುಲೆನ್ಸು ಬೇರೆ. ರಾತ್ರಿ ಎಷ್ಟು ಜನ ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. "ಕ್ಯಾಮೆರಾ ಇದೆ ಸರ್" ಅಂದರು. ಕ್ಯಾಮೆರಾ ಬಿದ್ದವರನ್ನು ತೋರಿಸೀತು, ಎಬ್ಬಿಸೀತೆ?

ಎರಡನೆಯದು ಘಟ್ಟದ ಕೆಳಗೆ. ಖರ್ಚು ಅರ್ಧಕ್ಕರ್ಧ ಕಡಿಮೆ. ಬೆಳಿಗ್ಗೆ ಹೋದಾಗ ಎಲ್ಲ ಚೊಕ್ಕಟವಾಗಿತ್ತು. ಬಸ್ಸಿಗೆ ಹೊತ್ತಿದೆಯೆಂಬ ನೆವ ಹೇಳಿ ಸಂಜೆ ಆರೂವರೆಗೆ ಮತ್ತೆ ಹೋದೆವು. ಹನ್ನೆರಡು ಮಂಚ, ಒಬ್ಬಳೇ ಹುಡುಗಿ. ಒಬ್ಬ ಅಜ್ಜನ ಕೈಯನ್ನು ಪಂಚೆಯಿಂದ ಮಂಚಕ್ಕೆ ಕಟ್ಟಿದ್ದರು. ಇನ್ನಿಬ್ಬರು ದೀಪ ಹಚ್ಚುವ ಹೊತ್ತಿಗೇ ಗೊರಕೆ ಹೊಡೆಯುತ್ತಿದ್ದರು. "ಮಾತ್ರೆ ಕೊಟ್ಟಿದೆ, ಇಲ್ಲದಿದ್ರೆ ಮನೆಗೆ ಹೋಗ್ಬೇಕು ಅಂತ ಗಲಾಟೆ" ಅಂದಳು ಆ ಹುಡುಗಿ. ಅವಳ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಹನ್ನೆರಡು ಜನರನ್ನು ಒಬ್ಬಳ ಕೈಗೆ ಕೊಟ್ಟು ಹೋದವರು ಬೇರೆ.

ಮೂರನೆಯದು ಮತ್ತೆ ಬೆಂಗಳೂರಲ್ಲೇ. ಹಳೇ ಮನೆ, ಸಾಧಾರಣ ಬಣ್ಣ. ನಡೆಸುವ ಹೆಂಗಸು ದುಡ್ಡಿನ ಮಾತೇ ತೆಗೆಯಲಿಲ್ಲ. ಭಾವನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ತಾಯಿ ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡ್ತಾರೆ?"

ಭಾವ ಬಾಯಿ ತೆರೆದರು, ಮಾತು ಬರಲಿಲ್ಲ. ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ.

ಕಡೆಗೆ ಕಿಗ್ಗಕ್ಕೆ ಫೋನ್ ಹಚ್ಚಿದೆವು. 20 ವರ್ಷದಿಂದ ಅತ್ತೆ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ನಾಲ್ಕು ಗಂಟೆಗೆ ಏಳುತ್ತಾರೆ. ಬಚ್ಚಲ ಒಲೆಗೆ ಬೆಂಕಿ ಹಾಕಬೇಕು. ಕೊಟ್ಟಿಗೆಯಲ್ಲಿ ಈಗ ದನ ಇಲ್ಲ, ಆದರೂ ಹೋಗಿ ನೋಡುತ್ತಾರೆ. "ದನ ಮೇವು ತಿಂತು ಅಮ್ಮಾ" ಅಂದರೆ ಒಳಗೆ ಬರುತ್ತಾರೆ. "ದನ ಮಾರಿ ಆಯ್ತಲ್ಲ" ಅಂದರೆ ಅಳುತ್ತಾರೆ. ಕಾಫಿಗೆ ಬೆಲ್ಲ, ಸ್ಟೀಲ್ ಲೋಟ. ಎಡಗಿವಿ ಕೇಳುವುದಿಲ್ಲ, ಬಲಗಡೆ ಕೂತು ಮಾತಾಡಬೇಕು. ಕತ್ತಲಾದ ಮೇಲೆ ಕನ್ನಡಿ ಕಂಡರೆ ಯಾರೋ ಬಂದಿದ್ದಾರೆ ಅಂತ ಹೆದರುತ್ತಾರೆ, ಬಟ್ಟೆ ಮುಚ್ಚಬೇಕು. ಸಂಜೆ ದೇವರ ದೀಪ ಅವರ ಕೈಯಿಂದಲೇ ಹಚ್ಚಿಸಬೇಕು. ಹಚ್ಚಿದರೆ ಶಾಂತ, ಇಲ್ಲದಿದ್ದರೆ ದಣಪೆ ಕಡೆ ಹೊರಟರು ಅಂತಲೇ.

ಕಾಗದದ ಎರಡು ಮಗ್ಗುಲೂ ತುಂಬಿತು. ಭಾವ ತಲೆ ತಗ್ಗಿಸಿ ಕೂತಿದ್ದರು. ನಡೆಸುವಾಕೆ ಎರಡು ಸಲ ಓದಿ, "ಒಲೆ ಉರಿ ಇಲ್ಲಿ ಆಗೋದಿಲ್ಲ. ದೀಪ ಹಚ್ಚಿಸ್ತೀವಿ, ಒಬ್ಬರು ಪಕ್ಕದಲ್ಲಿ ನಿಲ್ತಾರೆ. ಕನ್ನಡಿ ತೆಗೀತೀವಿ" ಅಂದರು. ದುಡ್ಡಿನ ಮಾತು ಬಂದದ್ದು ಆಮೇಲೆ. ಅದೇನೂ ಅಗ್ಗವಾಗಿರಲಿಲ್ಲ.

ತಕ್ಕಡಿ ನೋಡಿ ಸಾಮಾನು ಕೊಳ್ಳಿ

ಅಂಗಡಿಯವರಿಗೆ ನಾನು ಹೇಳಬೇಕಿಲ್ಲ, ಬೋರ್ಡು ನೋಡಿ ಯಾರೂ ಮಾಲು ಎತ್ತುವುದಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೂ ಮೂರು ಮನೆ ಸುತ್ತಿ ಅರ್ಥವಾದದ್ದು ಇಷ್ಟು.

ಹೇಳಿ ಒಂದು ಸಲ ಹೋಗಿ, ಹೇಳದೆ ಒಂದು ಸಲ ಹೋಗಿ. ಆ ಎರಡನೇ ಸಲ ಸಂಜೆಯೇ ಆಗಿರಲಿ. ಈ ಕಾಯಿಲೆಯ ಬಹಳ ಮಂದಿಗೆ ಕತ್ತಲಾಗುವ ಹೊತ್ತಿಗೇ ಚಡಪಡಿಕೆ ಜಾಸ್ತಿ. ಹಗಲು ಎಷ್ಟು ಜನ, ರಾತ್ರಿ ಎಷ್ಟು ಜನ ಅಂತ ಬೇರೆ ಬೇರೆಯಾಗಿ ಕೇಳಿ. ಅವರಲ್ಲಿ ಕನ್ನಡ ಬರುವವರು ಎಷ್ಟು ಅಂತಲೂ ಕೇಳಿ. ಆಮೇಲೆ ಕಲಿತ ಭಾಷೆ ಮೊದಲು ಮರೆತು ತಾಯಿನುಡಿ ಒಂದೇ ಉಳಿಯುವುದುಂಟು. ಬಾಯಾರಿದೆ ಅಂದರೆ ತಿಳಿಯುವವರು ಬೇಕಲ್ಲ?

ಬಚ್ಚಲಿಗೆ ಹೋಗಿ ನೋಡಿ. ಹಿಡಿಯಲು ಕಂಬಿ ಇದೆಯೆ, ನೆಲ ಜಾರುತ್ತದೆಯೆ, ವಾಸನೆ ಹೇಗಿದೆ. ಊಟದ ಹೊತ್ತಿನಲ್ಲಿ ತಟ್ಟೆ ಇಟ್ಟು ಹೋಗುತ್ತಾರೋ, ಕೂತು ತಿನ್ನಿಸುತ್ತಾರೋ ನೋಡಿ. ಬಿದ್ದರೆ ಯಾವ ಆಸ್ಪತ್ರೆ, ಎಷ್ಟು ಹೊತ್ತಿನ ದಾರಿ, ಬರೆಸಿಕೊಳ್ಳಿ. ಬಿಟ್ಟು ಬರುವುದಾದರೆ ಮುಂಗಡ ವಾಪಸ್ಸು ಎಷ್ಟು, ಅದೂ ಕಾಗದದಲ್ಲಿ ಇರಲಿ.

ನಿದ್ರೆ ಮಾತ್ರೆ ಯಾರ ಚೀಟಿಯ ಮೇಲೆ ಕೊಡುತ್ತಾರೆ ಅಂತ ತಪ್ಪದೆ ಕೇಳಿ. ಗಲಾಟೆ ನಿಲ್ಲಿಸಲು ಕೊಡುವ ಮನೋರೋಗದ ಕೆಲವು ಮಾತ್ರೆಗಳು ಈ ಕಾಯಿಲೆಯ ವೃದ್ಧರಿಗೆ ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಕಟ್ಟಿಹಾಕುವ ವಿಷಯಕ್ಕೂ ಕಾನೂನುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪ್ರಕಾರ ಸರಪಳಿ ಹಾಕುವಂತಿಲ್ಲ. ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯ ಮೇಲೆ, ಸ್ವಲ್ಪ ಹೊತ್ತು ತಡೆಹಿಡಿಯಬಹುದು. ಆ ಕಾಯಿದೆಯ ವಿವರಣೆಯಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಆದ್ದರಿಂದ ಯಾವ ಕಾಯಿದೆಯಲ್ಲಿ ನೋಂದಣಿ ಆಗಿದೆ, ಕಾಗದ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

"ಮಾಡಬಹುದು" ಅನ್ನುವ ಕಾನೂನು

ದುಡ್ಡಿದ್ದವರಿಗೆ ಬೆಂಗಳೂರಿನಲ್ಲಿ ದಾರಿ ಇದೆ. 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲೇ ಕಸ್ತೂರಿನಗರದಲ್ಲಿ ಈ ಕಾಯಿಲೆಯವರಿಗೆಂದೇ ಕೇಂದ್ರ ತೆರೆಯಿತು. ಆಮೇಲೆ ಖಾಸಗಿಯವರೂ ಬಂದರು. ನಮ್ಮ ಮಲೆನಾಡಿನ ಮೂಲೆಗೆ?

ಹಿರಿಯರ ಪಾಲನೆಗೆ ಕೇಂದ್ರ ಸರ್ಕಾರ 2007ರಲ್ಲಿ ಕಾಯಿದೆ ತಂದಿದೆ. ವೃದ್ಧ ತಂದೆತಾಯಿಯನ್ನು ಬೀದಿಗೆ ಬಿಟ್ಟರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದು ಮಾಡಿಸಬಹುದು. ಮಕ್ಕಳ ಮೇಲೆ ಕಾನೂನು ಇಷ್ಟು ಖಡಕ್ಕು. ಅದೇ ಕಾಯಿದೆಯಲ್ಲಿ ಸರ್ಕಾರದ ಕೆಲಸವೂ ಇದೆ. ಗತಿಯಿಲ್ಲದ ಹಿರಿಯರಿಗೆ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಜನರ ವೃದ್ಧಾಶ್ರಮ. ಆದರೆ ಅಲ್ಲಿ ಬರೆದಿರುವ ಪದ "ಸ್ಥಾಪಿಸಬಹುದು". ಮಗನಿಗೆ "ಮಾಡಲೇಬೇಕು", ಸರ್ಕಾರಕ್ಕೆ "ಮಾಡಬಹುದು"! ಅದರಲ್ಲೂ ಮರೆಗುಳಿ ಕಾಯಿಲೆಯವರಿಗೆಂದು ಪ್ರತ್ಯೇಕ ಮಾತಿಲ್ಲ.

ದೊಡ್ಡ ಕಟ್ಟಡ ಬೇಡ. ಮಕ್ಕಳಿಲ್ಲದೆ ಬೀಗ ಬಿದ್ದ ಸರ್ಕಾರಿ ಶಾಲೆಗಳು ಮಲೆನಾಡಿನಲ್ಲಿ ಇವೆ. ಮೂರು ತಾಲ್ಲೂಕಿಗೆ ಒಂದು ಶಾಲೆ ತೆರೆದು, ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಹಗಲು ಮನೆ ಮಾಡಿ, ತರಬೇತಿ ಕೊಟ್ಟ ನಾಲ್ಕು ಹೆಂಗಸರನ್ನು ನೇಮಿಸಿದರೂ ಎಷ್ಟೋ ಮನೆಯವರು ಉಸಿರು ಬಿಟ್ಟಾರು.

ಅಲ್ಲಿಯವರೆಗೆ ಅಂಗಡಿಯವರಿಗೆ, ಕಂಡಕ್ಟರುಗಳಿಗೆ, ಬಸ್ಸಿಗೆ ಕಾಯುವ ನಿಮಗೆ ಒಂದು ವಿನಂತಿ. ಹೊತ್ತಲ್ಲದ ಹೊತ್ತಿನಲ್ಲಿ ಒಂಟಿ ಹಿರಿಯರು ಕಂಡರೆ ಗದರಬೇಡಿ. "ನಿಮ್ಮಪ್ಪ ಸತ್ತು ಎಷ್ಟು ಕಾಲವಾಯ್ತು" ಅಂತ ವಾದ ಮಾಡಬೇಡಿ. ಕೂರಿಸಿ, ಬಿಸಿ ಕಾಫಿ ಕೊಡಿ, ಊರು ಕೇಳಿ. ತಿಳಿಯದಿದ್ದರೆ 112ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567. ಮನೆಯವರು ಹೆಸರು, ಫೋನ್ ನಂಬರು ಬರೆದು ಬಟ್ಟೆಯ ಒಳಮಗ್ಗುಲಿಗೆ ಹೊಲಿದಿಡಿ. ಅವತ್ತು ಕಿಗ್ಗದ ತಂಗುದಾಣದಲ್ಲಿ ಇದ್ದವರು ಹೀಗೆ ಕೂರಿಸಿ ಹೊದೆಸಿದ್ದರಿಂದಲೇ ನಮ್ಮ ಅತ್ತೆ ಉಳಿದರು.

ಅತ್ತೆ ದೀಪಾವಳಿ ಕಳೆದ ಮೇಲೆ ಆ ಮೂರನೇ ಮನೆಯಲ್ಲಿದ್ದಾರೆ. ಮೊದಲ ತಿಂಗಳು ಅತ್ತರು, ಊಟ ಬಿಟ್ಟರು, ಇಳಿದು ಹೋದರು. ಅದನ್ನು ಮುಚ್ಚಿಡದೆ ಆ ಮನೆಯವರೇ ಫೋನ್ ಮಾಡಿ ತಿಳಿಸಿದರು. ಮೊನ್ನೆ ಹೇಳದೆ ಕೇಳದೆ ಸಂಜೆ ಹೋದೆ. ಮರದಲ್ಲಿ ಅಡಿಕೆ ಹಾಕಿಕೊಂಡು ಅತ್ತೆ ಆರಿಸುತ್ತಿದ್ದರು. ಭಾವ ಊರಿಂದ ತಂದುಕೊಟ್ಟ ಅಡಿಕೆ. ಬಾಯಿಗೆ ಹಾಕಿಕೊಂಡಾರು ಅಂತ ಹುಡುಗಿಯೊಬ್ಬಳು ಬಲಗಡೆಯಲ್ಲಿ ಕೂತಿದ್ದಳು. ನನ್ನ ಗುರುತು ಸಿಗಲಿಲ್ಲ, ನಮ್ಮಪ್ಪನ ಹೆಸರು ಹಿಡಿದು ಕರೆದರು. ಮಗನ ಹೆಸರೂ ಮರೆತಿದೆ. ಆದರೆ ಹಸ ಒಂದು ಕಡೆ, ಬೆಟ್ಟೆ ಒಂದು ಕಡೆ, ಗೊರಬಲು ಒಂದು ಕಡೆ, ಒಂದೂ ತಪ್ಪಿರಲಿಲ್ಲ.

ಕಿಗ್ಗಕ್ಕೆ ಹೋದಾಗ ಆ ಕೆಲಸದಾಕೆಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಖುಷಿಯಾಯಿತು. ಅಂಗಳ ಗುಡಿಸುತ್ತಲೇ ಕೇಳಿದಳು: "ಅಯ್ಯಾ, ಅಮ್ಮಂಗೆ ಏನು ಬೇಕು ಅಂತ ನಾನು ಹೇಳ್ದೆ, ನೀವು ಬರ್ಕೊಂಡ್ರಿ. ನಂಗೆ ಹಿಂಗಾದ್ರೆ?"

ತಿಂಗಳಿಗೆ ಒಂದು ಕ್ವಿಂಟಲ್ ಅಡಿಕೆ ಅವಳ ಮನೆಯಲ್ಲಿಲ್ಲ. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಜಿಲ್ಲಾಡಳಿತದವರ ಹತ್ತಿರ ಇದ್ದರೆ ಹೇಳಲಿ, ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ.