ಇಟಲಿಯ ಗ್ರಂಥಾಲಯವೂ ಗಡಿನಾಡ ಕನ್ನಡಿಗರೂ

ಒಂದು ದೇಶವು ತನ್ನ ಭಾಷೆಯನ್ನು ಪರನಾಡಿನ ಜನರಿಗೆ ಪರಿಚಯಿಸಲು ಬಯಸಿದಾಗ ಕೈಗೊಳ್ಳುವ ಮೊದಲ ಕಾರ್ಯಗಳಲ್ಲಿ ಅಲ್ಲೊಂದು ಗ್ರಂಥಾಲಯವನ್ನು ತೆರೆಯುವುದೂ ಸೇರಿರುತ್ತದೆ. ಇಟಲಿಯ ಸರಕಾರವು ಇಂತಹ ಎಂಬತ್ತಕ್ಕೂ ಹೆಚ್ಚು ಸಾಂಸ್ಕೃತಿಕ ಕೇಂದ್ರಗಳನ್ನು ಜಗತ್ತಿನ ನಾನಾ ನಗರಗಳಲ್ಲಿ ನಡೆಸುತ್ತಿದೆ. ನಮ್ಮ ದೇಶದಲ್ಲಿ ಅದರ ಕೇಂದ್ರವೊಂದು ದೆಹಲಿಯ ಚಾಣಕ್ಯಪುರಿಯಲ್ಲಿದೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆಗಳಿಗೂ ಇಟಲಿಯ ಪುಸ್ತಕಗಳಿಗೂ ಎತ್ತಣ ಸಂಬಂಧವೆಂದು ಓದುಗ ಬಂಧುಗಳು ಕೇಳಬಹುದು. ಸಂಬಂಧವಿದೆ, ನಾವು ಎಣಿಸಿದುದಕ್ಕಿಂತಲೂ ಹತ್ತಿರದ ಸಂಬಂಧವೇ ಇದೆ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಮೊದಲು ನಮ್ಮ ಶಾಲೆಯ ವಿಷಯವನ್ನೇ ತೆಗೆದುಕೊಳ್ಳೋಣ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಪ್ರವಾಸಿಯು 1623ರಲ್ಲಿ ಗೋವೆಯ ಪೋರ್ತುಗೀಜ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ, ವೆಂಕಟಪ್ಪ ನಾಯಕನ ರಾಜಧಾನಿಯಾದ ಇಕ್ಕೇರಿಗೆ ಬಂದನು. ದಾರಿಯಲ್ಲಿ ಹೊರೆಗಳನ್ನು ಸಜ್ಜುಗೊಳಿಸುವವರೆಗೆ ಒಂದು ಗುಡಿಯ ಜಗುಲಿಯ ಮೇಲೆ ಕುಳಿತಿದ್ದಾಗ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಲಾಗಿತ್ತು. ಒಬ್ಬ ಹುಡುಗನು ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲವು ತುಂಬಿದೊಡನೆ ಕೈಯಿಂದ ಅಳಿಸಿ, ಪಕ್ಕದ ಗುಡ್ಡೆಯಿಂದ ಹೊಸ ಮರಳನ್ನು ಹರಡಿ ಪಾಠವನ್ನು ಮುಂದುವರಿಸುವರು. ಮರೆತರೆ ತಿದ್ದುವವರು ಯಾರು ಎಂದು ದೆಲ್ಲಾ ವಾಲ್ಲೆ ಕೇಳಿದನಂತೆ, ಏಕೆಂದರೆ ಅಲ್ಲಿ ಗುರುಗಳಿರಲಿಲ್ಲ. ನಾಲ್ವರೂ ಏಕಕಾಲಕ್ಕೆ ಒಂದೇ ಭಾಗವನ್ನು ಮರೆಯುವುದು ಸಾಧ್ಯವಿಲ್ಲವೆಂದೂ, ಒಬ್ಬನು ತಪ್ಪಿದರೆ ಮತ್ತೊಬ್ಬನು ತಿದ್ದುವನೆಂದೂ ಹುಡುಗರು ಉತ್ತರಿಸಿದರು. ಶಿಕ್ಷಕರ ತರಬೇತಿ ವಿದ್ಯಾಲಯದಲ್ಲಿ ಗುಂಪು ಕಲಿಕೆಯ ಬಗೆಗೆ ನಮಗೆ ಬೋಧಿಸಿದ ಪುಟಗಟ್ಟಲೆ ವಿಷಯವನ್ನು ಆ ಹುಡುಗರು ಒಂದು ಮಾತಿನಲ್ಲಿ ಮುಗಿಸಿದ್ದಾರೆ.

ಈ ಸಂಗತಿಯನ್ನು ಅವನು ನೇಪಲ್ಸಿನ ತನ್ನ ಮಿತ್ರನಿಗೆ ಬರೆದ ಪತ್ರಗಳಲ್ಲಿ ಬರೆದಿಟ್ಟನು. ಅವನು ಕಾಲವಾದುದು 1652ರಲ್ಲಿ. ಭಾರತದ ಭಾಗವು ಇಟಲಿಯಲ್ಲಿ ಅಚ್ಚಾದುದು 1663ರಲ್ಲಿ. ನಾಲ್ಕು ಶತಮಾನಗಳ ಹಿಂದಿನ ಕನ್ನಡ ನಾಡಿನ ಮಕ್ಕಳ ಪಾಠಕ್ರಮದ ಇಷ್ಟು ಸ್ಪಷ್ಟವಾದ ಚಿತ್ರವು ನಮಗೆ ದೊರೆಯುವುದು ಇಟಲಿಯ ಪುಸ್ತಕದಲ್ಲಿ! ವಿಜಯನಗರವನ್ನು ಕಂಡು ವರ್ಣಿಸಿದ ನಿಕೊಲೊ ಕೊಂತಿ, ತಾಳಿಕೋಟೆಯ ಯುದ್ಧವು ನಡೆದ ಎರಡು ವರ್ಷಗಳ ಬಳಿಕ, 1567ರಲ್ಲಿ, ಅದೇ ನಗರಕ್ಕೆ ಬಂದ ಚೆಜಾರೆ ಫೆದೆರಿಚಿ, ಇವರೂ ಇಟಲಿಯವರೇ. ಆದುದರಿಂದ ಇಟಲಿಯ ಗ್ರಂಥಗಳ ಕಪಾಟಿನ ಮುಂದೆ ಕನ್ನಡಿಗನು ಪರಕೀಯನಂತೆ ನಿಲ್ಲಬೇಕಾದ ಕಾರಣವಿಲ್ಲ.

ಎರಡನೆಯದಾಗಿ, ಶಿಕ್ಷಕರೂ ತಾಯಂದಿರೂ ಓದಬೇಕಾದ ಪುಸ್ತಕಗಳು. ಮರಿಯಾ ಮಾಂಟೆಸರಿಯವರ ಹೆಸರನ್ನು ಅರಿಯದವರಿಲ್ಲ. ಅವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಕೂಲಿಕಾರರ ಮಕ್ಕಳಿಗಾಗಿ ತಮ್ಮ ಮೊದಲ ಶಾಲೆಯನ್ನು ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು ಯುದ್ಧದ ಕಾರಣದಿಂದ ಇಲ್ಲಿಯೇ ಉಳಿಯಬೇಕಾಯಿತು. ಇಂದು ನಮ್ಮ ತಾಲೂಕು ಪಟ್ಟಣಗಳಲ್ಲಿಯೂ ಅವರ ಹೆಸರಿನ ಫಲಕವನ್ನು ತೂಗುಹಾಕಿ ಭಾರಿ ಶುಲ್ಕವನ್ನು ಪಡೆಯುವ ಶಾಲೆಗಳಿವೆ. ಆ ಮಹಾತಾಯಿ ಬಡ ಮಕ್ಕಳಿಗಾಗಿ ಮಾಡಿದ್ದನ್ನು ಸಿರಿವಂತರ ಸೊತ್ತಾಗಿಸಿದುದು ನಮ್ಮ ಕಾಲದ ವಿಡಂಬನೆ. ಇರಲಿ.

ಅವರಿಗಿಂತ ಕಡಿಮೆ ಪರಿಚಿತನಾದರೂ ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರದವನು ಲೊರೆಂಜೊ ಮಿಲಾನಿ ಎಂಬ ಪಾದ್ರಿ. ಫ್ಲಾರೆನ್ಸಿನ ಉತ್ತರಕ್ಕಿರುವ ಗುಡ್ಡಗಾಡಿನ ಬಾರ್ಬಿಯಾನಾ ಎಂಬ ಕುಗ್ರಾಮಕ್ಕೆ 1954ರಲ್ಲಿ ಬಂದ ಅವನು, ಸರಕಾರಿ ಶಾಲೆಯಲ್ಲಿ ನಪಾಸಾಗಿ ಹೊರಬಿದ್ದ ರೈತರ ಮಕ್ಕಳನ್ನು ಕೂಡಿಸಿಕೊಂಡು, ವರ್ಷದಲ್ಲಿ ಒಂದು ದಿನವೂ ರಜೆಯಿಲ್ಲದ ಶಾಲೆಯನ್ನು ನಡೆಸಿದನು. 1967ರಲ್ಲಿ ಅಲ್ಲಿಯ ಎಂಟು ಮಂದಿ ಹುಡುಗರು ಕೂಡಿ, ತಮ್ಮನ್ನು ಅನುತ್ತೀರ್ಣಗೊಳಿಸಿದ ಶಿಕ್ಷಕಿಯೊಬ್ಬಳಿಗೆ ಬರೆದ ಪತ್ರದ ರೂಪದಲ್ಲಿ ಒಂದು ಪುಸ್ತಕವನ್ನೇ ರಚಿಸಿದರು. ಶಾಲೆಯು ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಹೊರದೂಡುತ್ತದೆ ಎಂಬುದನ್ನು ಅಂಕಿಸಂಖ್ಯೆಗಳ ಸಮೇತ ಅವರು ತೋರಿಸಿದ್ದಾರೆ. ಭಾಷೆಯ ಮೇಲೆ ಹಿಡಿತವಿಲ್ಲದವನು ಬಡವನಾಗಿಯೇ ಉಳಿಯುತ್ತಾನೆಂಬುದು ಅವರ ವಾದದ ತಿರುಳು. ಕಬ್ಬು ಕಡಿಯಲು ತಂದೆತಾಯಿಗಳೊಡನೆ ಅರ್ಧ ವರ್ಷ ಊರು ಬಿಡುವ ಮಕ್ಕಳ ಹಾಜರಿಯನ್ನು ಕೂಗುವ ನಮ್ಮಂತಹ ಶಿಕ್ಷಕರಿಗೆ ಈ ಪುಸ್ತಕವು ಹಿತವಾದುದಲ್ಲ, ಆದುದರಿಂದಲೇ ಓದತಕ್ಕದ್ದು. 1970ರಲ್ಲಿ ಇದು ಇಂಗ್ಲಿಷಿಗೂ ಬಂದಿತು.

ಇನ್ನು ಗಡಿಯ ಮಾತು. ಇಟಲಿಯ ಉತ್ತರದಲ್ಲಿ ದಕ್ಷಿಣ ಟಿರೋಲ್ ಎಂಬ ಪ್ರದೇಶವಿದೆ. ಅಲ್ಲಿಯ ಬಹುಜನರ ಮನೆಮಾತು ಜರ್ಮನ್. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಕ್ಕೆ ಸೇರಿದ್ದ ಈ ನಾಡು 1919ರ ಒಪ್ಪಂದದಿಂದ ಇಟಲಿಯ ಪಾಲಾಯಿತು. 1923ರ ಶಿಕ್ಷಣ ಕಾಯಿದೆಯು ಜರ್ಮನ್ ಶಾಲೆಗಳನ್ನು ಒಂದೊಂದೇ ತರಗತಿಯಾಗಿ ಇಟಾಲಿಯನ್ ಭಾಷೆಗೆ ತಿರುಗಿಸಿತು. ಆಗ ಹಳ್ಳಿಯ ತರುಣಿಯರು ರೈತರ ಅಡುಗೆಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಮಕ್ಕಳನ್ನು ಕೂಡಿಸಿ ಗುಟ್ಟಾಗಿ ತಾಯಿನುಡಿಯನ್ನು ಕಲಿಸಿದರು. ಪಠ್ಯಪುಸ್ತಕಗಳು ಗಡಿಯಾಚೆಯಿಂದ ಕದ್ದು ಬರುತ್ತಿದ್ದವು. ಆಂಜೆಲಾ ನಿಕೊಲೆಟ್ಟಿ ಎಂಬ ಶಿಕ್ಷಕಿಯು ಇದಕ್ಕಾಗಿ ಸೆರೆಮನೆಯನ್ನು ಕಂಡು, 1930ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇದನ್ನು ಓದುವಾಗ ನಮಗೆ ಕಮಲನಗರವು ನೆನಪಾಗದಿರದು. ಉದಗೀರದಿಂದ ಕೂಗಳತೆಯಷ್ಟೇ ದೂರವೆನ್ನಬಹುದಾದ ಆ ಊರಿನಲ್ಲಿ, ನಿಜಾಮರ ಆಳ್ವಿಕೆಯ ಕಾಲಕ್ಕೆ, ಭಾಲ್ಕಿ ಹಿರೇಮಠದ ಪೂಜ್ಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರು. ಆಗ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. 1956ರ ನವೆಂಬರ 1ರಂದು ಉಸ್ಮಾನಾಬಾದ ಜಿಲ್ಲೆಗೂ, 1982ರಲ್ಲಿ ಹೊಸ ಲಾತೂರ ಜಿಲ್ಲೆಗೂ ಸೇರಿದವು. ಟಿರೋಲಿನ ಕಥೆಯು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 1946ರ ಒಪ್ಪಂದ, ಬಹುಕಾಲದ ಕಲಹ, 1972ರ ಸ್ವಾಯತ್ತ ಶಾಸನ, ಇವುಗಳ ಫಲವಾಗಿ ಇಂದು ಅಲ್ಲಿ ಜರ್ಮನ್ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಇಟಾಲಿಯನ್ ಎರಡನೆಯ ಭಾಷೆ. ಇಟಾಲಿಯನ್ ಶಾಲೆಗಳಲ್ಲಿ ಜರ್ಮನ್ ಎರಡನೆಯ ಭಾಷೆ. ಸರಕಾರಿ ನೌಕರನಿಗೆ ಎರಡೂ ಬರಬೇಕು. ಬೊಲ್ಜಾನೊ ನಗರದಲ್ಲಿ ಜರ್ಮನ್ ಭಾಷಿಕರಿಗಾಗಿಯೇ ಪ್ರಾಂತೀಯ ಗ್ರಂಥಾಲಯವೊಂದಿದೆ. ಗಡಿಯನ್ನು ಒಂದು ಅಂಗುಲವೂ ಸರಿಸದೆ ಭಾಷೆಗೆ ನೆಲೆ ಕಲ್ಪಿಸಿದ ಈ ಬಗೆಯನ್ನು ನಮ್ಮವರೂ ಮರಾಠಿ ಬಂಧುಗಳೂ ಕೂಡಿಯೇ ಅಭ್ಯಾಸ ಮಾಡಬೇಕು.

ಈ ಪುಸ್ತಕಗಳನ್ನು ಪಡೆಯುವ ಬಗೆ ಹೇಗೆ? ದೆಹಲಿಯಲ್ಲಿ ಓದುತ್ತಿರುವ, ನೌಕರಿಯಲ್ಲಿರುವ ಮಕ್ಕಳು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ವಿದೇಶಿ ಸಾಂಸ್ಕೃತಿಕ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಗುರುತಿನ ಪತ್ರ, ವಿಳಾಸದ ದಾಖಲೆಗಳನ್ನು ತೋರಿಸಿ ಸದಸ್ಯರಾಗಬೇಕು. ಗೊತ್ತಾದ ಅವಧಿಗೆ ಕೆಲವೇ ಪುಸ್ತಕಗಳನ್ನು ಎರವಲು ಕೊಡುತ್ತಾರೆ. ನಿಘಂಟು, ವಿಶ್ವಕೋಶ, ಚಿತ್ರಸಂಪುಟಗಳನ್ನು ಅಲ್ಲಿಯೇ ಕುಳಿತು ನೋಡಬೇಕು. ಸಂಗ್ರಹದಲ್ಲಿ ಹೆಚ್ಚಿನ ಪಾಲು ಇಟಾಲಿಯನ್ ಭಾಷೆಯದೇ ಆಗಿರುವುದರಿಂದ, ಇಂಗ್ಲಿಷ್ ಅನುವಾದವಿದೆಯೇ ಎಂದು ಮುಂದಾಗಿ ಪತ್ರ ಬರೆದು ವಿಚಾರಿಸುವುದು ಲೇಸು. ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಯಾವ ಗ್ರಂಥಾಲಯದಲ್ಲಿಯೂ ಇಟಾಲಿಯನ್ ಸಾಹಿತ್ಯದ ಸಂಖ್ಯೆ 850, ಇಟಲಿಯ ಇತಿಹಾಸದ್ದು 945. ನಮ್ಮ ಕನ್ನಡ ಸಾಹಿತ್ಯದ್ದು 894.814. ಈ ಮೂರನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟರೂ ಸರಿಯೇ. ದೆಲ್ಲಾ ವಾಲ್ಲೆಯ ಪತ್ರಗಳ ಇಂಗ್ಲಿಷ್ ಅನುವಾದವು 1892ರಲ್ಲಿ ಹಕ್ಲೂಯಿಟ್ ಸಂಘದಿಂದ ಎರಡು ಸಂಪುಟಗಳಲ್ಲಿ ಪ್ರಕಟವಾಗಿದ್ದು, ಈಗ ಅಂತರಜಾಲದಲ್ಲಿ ಕಾಸು ಕೊಡದೆ ಓದಲು ದೊರೆಯುತ್ತದೆ.

ಇಟಲಿಯ ಗ್ರಂಥಕ್ಕಾಗಿ ದೆಹಲಿಗೇ ಹೋಗಬೇಕೆಂದೂ ಇಲ್ಲ. ಮುಂಬಯಿಯ ಏಶಿಯಾಟಿಕ್ ಸೊಸೈಟಿಯಲ್ಲಿ ಮಹಾಕವಿ ದಾಂತೆಯ ಕಾವ್ಯದ ಪ್ರಾಚೀನ ಹಸ್ತಪ್ರತಿಯೊಂದಿದೆ. ಗವರ್ನರ್ ಎಲ್ಫಿನ್‌ಸ್ಟನ್ ಕೊಟ್ಟ ಕಾಣಿಕೆಯದು. ಮುಸೊಲಿನಿಯು ಹತ್ತು ಲಕ್ಷ ಪೌಂಡುಗಳಿಗೆ ಅದನ್ನು ಕೇಳಿದರೂ ಸಂಸ್ಥೆಯು ಕೊಡಲಿಲ್ಲವೆಂದು ಹೇಳುತ್ತಾರೆ. ಅಂತಹುದು ಎರವಲಿಗೆ ಸಿಕ್ಕುವುದಲ್ಲ. ಆದರೆ ಅದೇ ಟೌನ್ ಹಾಲ್ ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದ ವಿಷಯದಲ್ಲಿ ನಮ್ಮವರು ಅರಿಯದ ಸಂಗತಿಯೊಂದಿದೆ. 1954ರ ಕೇಂದ್ರ ಕಾಯಿದೆಯ ಮೇರೆಗೆ ದೇಶದ ಪ್ರತಿಯೊಬ್ಬ ಪ್ರಕಾಶಕನೂ ತಾನು ಪ್ರಕಟಿಸಿದ ಪುಸ್ತಕದ ಒಂದೊಂದು ಪ್ರತಿಯನ್ನು ಕಲಕತ್ತೆ, ಮದ್ರಾಸು, ದೆಹಲಿಗಳ ಜೊತೆಗೆ ಮುಂಬಯಿಯ ಈ ಗ್ರಂಥಾಲಯಕ್ಕೂ ಕಳುಹಿಸತಕ್ಕದ್ದು. ಕನ್ನಡ ಪುಸ್ತಕಗಳೂ ಇದಕ್ಕೆ ಹೊರತಲ್ಲ. ಎಂದರೆ ಮಹಾರಾಷ್ಟ್ರದ ರಾಜಧಾನಿಯಲ್ಲಿ ಕನ್ನಡ ಪುಸ್ತಕಗಳಿಗೆ ಕಾಯಿದೆಯೇ ಜಾಗ ಕೊಟ್ಟಿದೆ.

ಹೀಗಿರಲು ನಮ್ಮ ತಾಲೂಕುಗಳ ವಾಚನಾಲಯಗಳಲ್ಲಿ ಏಕಿರಬಾರದು? 1967ರ ಮಹಾರಾಷ್ಟ್ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಊರಿನ ಸಂಸ್ಥೆಗಳು ನಡೆಸುವ ವಾಚನಾಲಯಗಳಿಗೆ ಅ, ಬ, ಕ, ಡ ಎಂಬ ವರ್ಗಗಳ ಪ್ರಕಾರ ಸರಕಾರದ ಅನುದಾನ ಬರುತ್ತದೆ. ಕನ್ನಡ ಪುಸ್ತಕವನ್ನು ಕೇಳುವ ಸದಸ್ಯರೇ ಇಲ್ಲದಿದ್ದರೆ ಅವರು ಕೊಳ್ಳುವುದು ಯಾರಿಗಾಗಿ? ಮನೆಗೊಬ್ಬರಂತೆ ವರ್ಗಣಿ ಕೊಟ್ಟು ಸದಸ್ಯರಾಗಬೇಕು. ಮರಾಠಿ ಪುಸ್ತಕಗಳನ್ನು ಪ್ರೀತಿಯಿಂದ ಒಯ್ದು ಓದಬೇಕು. ಜೊತೆಗೆ ಬೇಕಾದ ಕನ್ನಡ ಪುಸ್ತಕದ ಹೆಸರು, ಲೇಖಕ, ಪ್ರಕಾಶಕರ ವಿಳಾಸಗಳನ್ನು ಬರೆದು, ಹತ್ತು ಮಂದಿಯ ಸಹಿಯೊಡನೆ ಕಾರ್ಯದರ್ಶಿಗಳಿಗೆ ಕೊಟ್ಟು ಪೋಚ ಪಡೆಯಬೇಕು. ಬಾಯಿಮಾತಿನ ಬೇಡಿಕೆಗೆ ದಫ್ತರಿನಲ್ಲಿ ಸ್ಥಾನವಿಲ್ಲ. ವಾರ್ಷಿಕ ಖರೀದಿಗೆ ಮುಂಚಿತವಾಗಿಯೇ ಅರ್ಜಿಯು ಅವರ ಕೈಸೇರಿರಬೇಕು. ಮರಾಠಿಯಲ್ಲಿ ಬರೆದರೆ ಕೆಲಸವು ಬೇಗ ಆದೀತು.