ಆಟದೊಳಗಿನ ಗೋಡೆ ಯಾರದು?

ಮೊನ್ನೆ ರಜೆಗೆ ಉಪ್ಪಿನಬೆಟಗೇರಿಯ ಅಕ್ಕನ ಮನೆಗೆ ಹೋಗಿದ್ದೆ. ಐದನೇ ಕ್ಲಾಸಿನ ಅಳಿಯ ಕಟ್ಟೆ ಮೇಲೆ ಕೂತು ಅವರಪ್ಪನ ಮೊಬೈಲಿನಾಗ ಕ್ರಿಕೆಟ್ ಆಡ್ತಿದ್ದ. ನಡುವೆ ಆಟ ನಿಂತು ಜಾಹೀರಾತು ಶುರುವಾಯ್ತು.

"ಬಂದ್ ಮಾಡೋ ಅದನ್ನ" ಅಂದೆ.

"ತಡಿ ಮಾಮಾ, 30 ಸೆಕೆಂಡ್ ಪೂರ್ತಿ ನೋಡಿದ್ರ ಪುಕ್ಕಟೆ ಕಾಯಿನ್ ಸಿಗ್ತಾವ!"

ನಿಜಕ್ಕೂ ಪುಕ್ಕಟೆಯೇ? ನೋಡೋಣ ಬನ್ನಿ.

ಆಟದೊಳಗೆ ಜಾಹೀರಾತು ಹೊಸದೇನಲ್ಲ. 1978ರ 'ಅಡ್ವೆಂಚರ್‌ಲ್ಯಾಂಡ್' ಆಟದಲ್ಲೇ ಅದೇ ಲೇಖಕರ ಮುಂದಿನ ಆಟದ ಪ್ರಚಾರವಿತ್ತು. ಇಂಥವು ನಮ್ಮೂರ ಗೋಡೆ ಮೇಲಿನ ಹತ್ತಿ ಬೀಜದ ಜಾಹೀರಾತಿನಂಗ. ಒಮ್ಮೆ ಬರೆದರೆ ಮುಗೀತು, ಎಲ್ಲರಿಗೂ ಕಾಣೋದು ಅದೇ.

ಇಂಟರ್ನೆಟ್ ಬಂದ ಮೇಲೆ ಗೋಡೆ ಬದಲಾಯ್ತು. 2008ರ ಅಮೆರಿಕ ಚುನಾವಣೆಯಲ್ಲಿ 'ಬರ್ನ್‌ಔಟ್ ಪ್ಯಾರಡೈಸ್' ಎಂಬ ಕಾರ್ ರೇಸಿನ ರಸ್ತೆ ಬದಿಯ ಫಲಕಗಳಲ್ಲಿ ಒಬಾಮಾ ಪ್ರಚಾರ ಕಾಣಿಸಿತು. ಆದರೆ ಆಯ್ದ 10 ರಾಜ್ಯಗಳ ಆಟಗಾರರಿಗೆ ಮಾತ್ರ! ರಸ್ತೆ ಒಂದೇ, ಫಲಕ ಒಂದೇ, ಚಿತ್ರ ಬೇರೆ.

ಇದು ಹೇಗೆ ಸಾಧ್ಯ? ಆಟ ಬರೆಯುವವರು ಫಲಕದ ಜಾಗ ಖಾಲಿ ಬಿಡ್ತಾರೆ. ನಾವು ಆಡುವಾಗ ಮೊಬೈಲು ಜಾಹೀರಾತು ಸರ್ವರಿಗೆ ಒಂದು ಕೋರಿಕೆ ಕಳಿಸುತ್ತೆ: ಯಾವ ಆಟ, ಯಾವ ಮೊಬೈಲು, ಸುಮಾರಾಗಿ ಯಾವ ಊರು, ಜೊತೆಗೆ ಆ ಮೊಬೈಲಿನ 'ಜಾಹೀರಾತು ಐಡಿ'. ಕಣ್ಣು ಮಿಟುಕಿಸೋದರೊಳಗೆ ಕಂಪನಿಗಳ ನಡುವೆ ಹರಾಜು ಮುಗಿದು, ಗೆದ್ದವರ ಚಿತ್ರ ಬಂದು ಕೂರುತ್ತೆ. ಚಿತ್ರದ ಅರ್ಧ ಭಾಗವಾದರೂ ಸತತ ಒಂದು ಸೆಕೆಂಡು ಪರದೆ ಮೇಲಿದ್ದರೆ 'ನೋಡಿದ' ಲೆಕ್ಕ. ಮೊಬೈಲ್ ಜಾಹೀರಾತಿನ ಈ ವ್ಯಾಪಾರದಲ್ಲಿ ಬೆಂಗಳೂರಿನ ಇನ್‌ಮೊಬಿ ದೊಡ್ಡ ಹೆಸರು. ಕೆಲವು ಕಡೆ ಫಲಕವೂ ಬೇಕಿಲ್ಲ. 2025ರಲ್ಲಿ ಬಿಜಿಎಂಐ ಆಟದೊಳಗೆ ಮಹೀಂದ್ರಾದ ಬಿಇ 6 ಕಾರೇ ಬಂತು. ಓಡಿಸೋದೇ ಜಾಹೀರಾತು.

ನಮ್ಮ ಅಳಿಯ ನೋಡಿದ್ದು ಇನ್ನೊಂದು ಬಗೆ, 'ಬಹುಮಾನದ ಜಾಹೀರಾತು'. ಬ್ರ್ಯಾಂಡಿನವರು ಕೊಟ್ಟ ನಿಜವಾದ ರೊಕ್ಕ ಆಟದ ಕಂಪನಿಗೆ ಮತ್ತು ನಡುವಿನವರಿಗೆ ಹೋಗುತ್ತೆ. ಹುಡುಗನಿಗೆ ಕಾಯಿನ್. ಅದನ್ನ ಕೊಟ್ಟರೆ ಸಂತ್ಯಾಗ ನಾಲ್ಕು ಶೇಂಗಾನೂ ಬರಂಗಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಊರ ಗೋಡೆ ನಮ್ಮನ್ನ ತಿರುಗಿ ನೋಡೋದಿಲ್ಲ, ಆಟದ ಗೋಡೆ ನೋಡುತ್ತೆ. ಹಂತ ಹಂತವಾಗಿ ಜಾರಿಯಾಗುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳು. ಅವರ ಬೆನ್ನು ಹತ್ತಿ, ಅವರಿಗೆಂದೇ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಆದರೆ ಮೊಬೈಲು ಇರೋದು ಅಪ್ಪನ ಹೆಸರಲ್ಲಿ! ಸರ್ವರಿನ ಲೆಕ್ಕದಲ್ಲಿ ಕಟ್ಟೆ ಮೇಲೆ ಆಡ್ತಿರೋನು ಹತ್ತು ವರ್ಷದ ಹುಡುಗ ಅಲ್ಲ, ನಮ್ಮ ಭಾವ. ಎಷ್ಟೋ ಮನೆಗಳಲ್ಲಿ ಇರೋದೇ ಒಂದು ಮೊಬೈಲು. ಅಲ್ಲಿ ಕಾಯ್ದೆ ಹುಡುಗನನ್ನ ಗುರುತಿಸೋದು ಹೇಗೆ?

ಅವತ್ತು ನಾನು ಮಾಡಿದ್ದು ಎರಡೇ ಕೆಲಸ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅಲ್ಲಿ ಜಾಹೀರಾತು ವಿಭಾಗಕ್ಕೆ ಹೋಗಿ ಜಾಹೀರಾತು ಐಡಿ ಅಳಿಸಿದೆ. ಇದರಿಂದ ಜಾಹೀರಾತು ನಿಲ್ಲೋದಿಲ್ಲ, ಬೆನ್ನು ಹತ್ತೋದು ಕಷ್ಟ ಆಗುತ್ತೆ ಅಷ್ಟೇ. ಆಮೇಲೆ ಅಳಿಯನಿಗೆ, ಎಷ್ಟು ಜಾಹೀರಾತು ನೋಡ್ತೀ ಎಣಿಸು ಅಂದೆ. ಸಂಜೀಕೆ ಬಂದು "ಹನ್ನೊಂದು" ಅಂದ. ತಾನೇ ಲೆಕ್ಕ ಹಾಕಿ, "ಅಂದ್ರ ಐದೂವರೆ ನಿಮಿಷ ನಾ ಅವರ ಕೆಲಸ ಮಾಡೀನಿ?" ಅಂತ ಕೇಳಿದ.

ನಿಮ್ಮ ಮನೆಯ ಹುಡುಗರ ಕೂಡ ನೀವೂ ಒಮ್ಮೆ ಎಣಿಸಿ ನೋಡ್ರಿ.